ಒಲೆ ಆರಿದ ಚಳಿಗಾಲ

ಚಳಿಯೆಂದರೆ ನಮ್ಮವರಿಗೆ ಮಾಗಿಯ ಚಳಿ. ಮುಂಜಾನೆ ಹೊದೆಯಲು ಒಂದು ಶಾಲು, ಬಚ್ಚಲೊಲೆಯಲ್ಲಿ ನಾಲ್ಕು ಕಟ್ಟಿಗೆ, ಹಂಡೆಯಲ್ಲಿ ಕಾದ ನೀರು, ಇಷ್ಟಿದ್ದರೆ ಅದರ ಬಾಧೆ ತೀರಿತು. ಶಿವರಾತ್ರಿಯ ಹೊತ್ತಿಗೆ ಅದು ‘ಶಿವಶಿವಾ’ ಎಂದು ಹೊರಟುಹೋಗುವುದೆಂದು ಹಿರಿಯರು ಹೇಳುತ್ತಾರೆ. ಚಳಿಯೊಂದರಿಂದಲೇ ಒಂದು ದೊಡ್ಡ ರಾಜ್ಯದ ಕಾರ್ಖಾನೆಗಳು ಬಾಗಿಲಿಕ್ಕಿಕೊಳ್ಳಬಹುದು, ಲಕ್ಷಾಂತರ ಜನರು ಕೆಲಸವಿಲ್ಲದೆ ಕುಳಿತುಕೊಳ್ಳಬೇಕಾಗಬಹುದು, ಮನೆಯೊಡತಿ ಗಡಿಯಾರ ನೋಡಿ ದೀಪ ಹಚ್ಚಬೇಕಾಗಬಹುದು ಎಂಬುದು ನಮ್ಮ ಊಹೆಗೆ ಸುಲಭವಾಗಿ ಸಿಕ್ಕುವ ಮಾತಲ್ಲ. ಆದರೆ ೧೯೪೭ನೆಯ ಇಸವಿಯ ಚಳಿಗಾಲವನ್ನು ಬ್ರಿಟನ್ನಿನಲ್ಲಿ ಕಳೆದವರಿಗೆ ಇದೆಲ್ಲ ಕಣ್ಣಾರೆ ಕಂಡ ಸಂಗತಿ. ಅಂದು ಶಾಲೆಗೆ ಹೋಗುತ್ತಿದ್ದ ಮಕ್ಕಳು ಇಂದು ಎಂಬತ್ತನ್ನು ದಾಟಿದ ವೃದ್ಧರು. ಚಳಿಯ ಮಾತು ಬಂದಾಗಲೆಲ್ಲ ಅವರು ‘ನಲವತ್ತೇಳು’ ಎಂದು ಬರಿಯ ಸಂಖ್ಯೆಯಿಂದಲೇ ಆ ಕಾಲವನ್ನು ಸೂಚಿಸುವುದುಂಟು.

ಆ ಚಳಿಗಾಲದ ವೃತ್ತಾಂತವನ್ನು ಇಲ್ಲಿ ಹೇಳಹೊರಟಿರುವುದು ಹಿಮದ ವಿಚಿತ್ರವನ್ನು ವರ್ಣಿಸುವ ಆಸೆಯಿಂದಲ್ಲ. ಮನೆಯ ಒಲೆ ತನ್ನದೆಂದು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುತ್ತಾನೆ. ಅದನ್ನು ಹಚ್ಚುವುದೂ ಆರಿಸುವುದೂ ತನ್ನ ಕೈಯಲ್ಲಿದೆಯೆಂದು ನಂಬಿರುತ್ತಾನೆ. ಎಲ್ಲಿಯೋ ನೂರು ಮೈಲಿ ಆಚೆ ಗಣಿಯಲ್ಲಿ ಅಗೆಯುವವರು, ರೈಲುಬಂಡಿ ನಡೆಸುವವರು, ಹಡಗಿಗೆ ಸರಕು ತುಂಬುವವರು, ಇವರೆಲ್ಲರ ಕೈಗಳನ್ನು ದಾಟಿ ಆ ಬೆಂಕಿ ತನ್ನ ಮನೆಗೆ ಬರುತ್ತದೆಂಬುದು ಅವನ ನೆನಪಿಗೆ ಬರುವುದು, ಅದು ಬಾರದೆ ನಿಂತ ದಿನ. ಇಡೀ ದೇಶವೊಂದಕ್ಕೆ ಒಟ್ಟಾಗಿ ಆ ನೆನಪು ಬಂದ ಚಳಿಗಾಲ ಇದು.

ಅಂದಿನ ಬ್ರಿಟನ್ನಿನ ಮನೆಗಳ ಸ್ಥಿತಿಯನ್ನು ಮೊದಲು ತಿಳಿಯಬೇಕು. ಆರು ವರ್ಷಗಳ ಮಹಾಯುದ್ಧ ೧೯೪೫ರಲ್ಲಿ ಮುಗಿದಿತ್ತು. ದೇಶ ಗೆದ್ದಿತ್ತು, ಆದರೆ ಸೋತವರಂತೆ ಬಳಲಿತ್ತು. ಬಾಂಬುಗಳಿಂದ ಬಿದ್ದ ಮನೆಗಳಿಗೆ ಬದಲು ಮನೆಗಳು ಇನ್ನೂ ಎದ್ದಿರಲಿಲ್ಲ; ಒಂದೊಂದು ಮನೆಯಲ್ಲಿ ಎರಡು ಮೂರು ಸಂಸಾರಗಳು ಸೇರಿಕೊಂಡಿದ್ದುವು. ಮಾಂಸ, ಬೆಣ್ಣೆ, ಸಕ್ಕರೆ, ಸಾಬೂನು, ಬಟ್ಟೆ ಎಲ್ಲವೂ ಚೀಟಿಯ ಮೇಲೆ ದೊರೆಯುತ್ತಿದ್ದುವು. ಯುದ್ಧಕಾಲದಲ್ಲಿಯೂ ಯಾವ ಕಟ್ಟೂ ಇಲ್ಲದೆ ದೊರೆಯುತ್ತಿದ್ದ ರೊಟ್ಟಿಯನ್ನು ಕೂಡ ೧೯೪೬ರ ಜುಲೈ ತಿಂಗಳಿಂದ ಅಳತೆಗೆ ಒಳಪಡಿಸಿದ್ದರು. ಕಲ್ಲಿದ್ದಲಿನದೂ ಅದೇ ಗತಿ. ಗಣಿಗಳಲ್ಲಿ ಆಳುಗಳು ಸಾಲದು, ಯಂತ್ರಗಳು ಹಳೆಯವು, ರೈಲುಬಂಡಿಗಳು ಯುದ್ಧದ ದುಡಿತದಿಂದ ಜರ್ಜರಿತವಾದವು. ೧೯೪೭ರ ಜನವರಿ ೧ರಂದು ಸರ್ಕಾರ ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರದ ಸ್ವತ್ತಾಗಿ ಮಾಡಿಕೊಂಡಿತು. ಗಣಿಗಳ ಬಾಗಿಲಲ್ಲಿ ಹೊಸ ಹಲಗೆ ತೂಗಿತು, ಬಾವುಟ ಏರಿತು. ಜನರಲ್ಲಿ ಹೊಸ ಆಸೆ ಹುಟ್ಟಿತು. ಅದಾಗಿ ಮೂರು ವಾರಗಳಲ್ಲಿಯೇ ಹಿಮ ಬೀಳತೊಡಗಿತು.

ಚಳಿ ಬಂದ ಬಗೆಯೂ ಮೋಸದ್ದಾಗಿತ್ತು. ಜನವರಿಯ ನಡುವಿನಲ್ಲಿ ಹವೆ ವಸಂತದಂತೆ ಹಿತವಾಗಿತ್ತು. ೧೬ನೆಯ ತಾರೀಖಿನಂದು ಕೆಲವೆಡೆ ಉಷ್ಣತೆ ೧೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಿತ್ತು. ಆ ದೇಶಕ್ಕೆ ಸಾಮಾನ್ಯವಾಗಿ ಪಶ್ಚಿಮದ ಸಾಗರದಿಂದ ತೇವದಿಂದ ಕೂಡಿದ ಬೆಚ್ಚನೆಯ ಗಾಳಿ ಬೀಸುತ್ತದೆ. ಈ ಸಲ ಉತ್ತರ ಯೂರೋಪಿನ ಮೇಲೆ ಭಾರವಾದ ವಾಯುರಾಶಿಯೊಂದು ಬೀಡುಬಿಟ್ಟು ಆ ಗಾಳಿಗೆ ಅಡ್ಡ ನಿಂತಿತು. ಪೂರ್ವದ ಹೆಪ್ಪುಗಟ್ಟಿದ ಬಯಲುಗಳಿಂದ ಒಣ ಚಳಿಗಾಳಿ ನೇರವಾಗಿ ದ್ವೀಪದ ಮೇಲೆ ಹರಿಯತೊಡಗಿತು. ಜನವರಿ ೨೨ರಿಂದ ಮಾರ್ಚಿ ೧೭ರವರೆಗೆ ಐವತ್ತೈದು ದಿನಗಳ ಕಾಲ, ದೇಶದ ಯಾವುದಾದರೂ ಒಂದು ಭಾಗದಲ್ಲಿ ಹಿಮ ಬೀಳದ ದಿನವೇ ಇರಲಿಲ್ಲ. ಲಂಡನ್ನಿನ ಬಳಿಯ ಕ್ಯೂ ವೇಧಶಾಲೆಯಲ್ಲಿ ಫೆಬ್ರವರಿ ೨ರಿಂದ ೨೨ರವರೆಗೆ ಒಂದು ನಿಮಿಷವಾದರೂ ಬಿಸಿಲು ಕಾಣಲಿಲ್ಲ. ಬೆಡ್‌ಫರ್ಡ್ ಪ್ರಾಂತದ ವೋಬರ್ನ್ ಎಂಬಲ್ಲಿ ಫೆಬ್ರವರಿ ೨೫ರ ಬೆಳಗಿನ ಝಾವ ಉಷ್ಣತೆ ಸೊನ್ನೆಗಿಂತ ೨೧ ಡಿಗ್ರಿ ಕೆಳಗಿಳಿಯಿತು. ಮಧ್ಯ ಇಂಗ್ಲೆಂಡಿನ ಹವೆಯ ಲೆಕ್ಕವನ್ನು ೧೬೫೯ರಿಂದ ಇಟ್ಟುಕೊಂಡು ಬಂದಿದ್ದಾರೆ; ಅದರಲ್ಲಿ ಅಷ್ಟು ಶೀತವಾದ ಫೆಬ್ರವರಿ ತಿಂಗಳು ಮತ್ತೊಂದಿಲ್ಲ.

ಇನ್ನು ಮನೆಯೊಳಗಿನ ಮಾತು. ಹೊರಗೆ ಚಳಿಯಾದರೆ ಒಳಗೆ ಬೆಚ್ಚಗಿದ್ದೀತೆಂದು ನಾವು ಭಾವಿಸುತ್ತೇವೆ. ಅಂದಿನ ಸಾಮಾನ್ಯ ಸಂಸಾರದ ಮನೆಯಲ್ಲಿ ಬೆಚ್ಚಗಿದ್ದುದು ಒಂದೇ ಕೋಣೆ, ಅದೂ ಕಲ್ಲಿದ್ದಲ ಬೆಂಕಿಯಿದ್ದಾಗ ಮಾತ್ರ. ಆ ಬೆಂಕಿಯ ಮುಂದೆ ಕುಳಿತರೆ ಮೊಗ ಸುಡುತ್ತಿತ್ತು, ಬೆನ್ನು ಹೆಪ್ಪುಗಟ್ಟುತ್ತಿತ್ತು. ಮಲಗುವ ಕೋಣೆಗಳಲ್ಲಿ ಬೆಂಕಿಯೇ ಇಲ್ಲ. ರಾತ್ರಿ ಮಲಗಿದವರ ಉಸಿರಿನ ತೇವ ಕಿಟಕಿಯ ಗಾಜಿನ ಒಳಮೈಗೆ ಹತ್ತಿ, ಬೆಳಗಾಗುವುದರೊಳಗೆ ಎಲೆ ಬಳ್ಳಿಗಳ ಚಿತ್ತಾರವಾಗಿ ಹೆಪ್ಪುಗಟ್ಟಿರುತ್ತಿತ್ತು. ಅಂದಿನ ಮಕ್ಕಳು ತಮ್ಮ ನೆನಪಿನಲ್ಲಿ ಮೊದಲು ಹೇಳುವುದು ಈ ಗಾಜಿನ ಬಳ್ಳಿಗಳನ್ನೇ. ಉಗುರಿನಿಂದ ಅದನ್ನು ಕೆರೆದು, ಇಣುಕಲು ಒಂದು ಕಿಂಡಿ ಮಾಡಿಕೊಳ್ಳುತ್ತಿದ್ದುದನ್ನು ಹೇಳುತ್ತಾರೆ. ಹಾಸಿಗೆಯ ಮೇಲೆ ಕಂಬಳಿ ಸಾಲದೆ ತಂದೆಯ ದೊಡ್ಡ ಕೋಟು, ನೆಲದ ಜಮಖಾನೆ, ಹಳೆಯ ವೃತ್ತಪತ್ರಿಕೆ ಎಲ್ಲವೂ ಏರುತ್ತಿದ್ದುವು. ಮರುದಿನದ ಬಟ್ಟೆಯನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಲಗಿ, ಬೆಳಗ್ಗೆ ಅಲ್ಲಿಯೇ ಉಡುವುದು ವಾಡಿಕೆಯಾಯಿತು. ಬಾಗಿಲ ಬಳಿ ಇಟ್ಟುಹೋದ ಹಾಲು ಸೀಸೆಯಲ್ಲಿಯೇ ಗಟ್ಟಿಯಾಗಿ, ಮುಚ್ಚಳವನ್ನು ಎತ್ತಿಕೊಂಡು ಮೇಲೆ ನಿಂತಿರುತ್ತಿತ್ತು. ಮಕ್ಕಳ ಕಾಲ್ಬೆರಳುಗಳು ಊದಿ, ಕೆಂಪೇರಿ, ಬೆಂಕಿಯ ಬಳಿ ಬಂದೊಡನೆ ತಾಳಲಾರದ ತುರಿಕೆಯಾಗುತ್ತಿತ್ತು.

ಇದಕ್ಕಿಂತ ಹೆಚ್ಚಿನ ಪೀಡೆ ನೀರಿನದು. ಬಹಳ ಮನೆಗಳಲ್ಲಿ ನೀರಿನ ಕೊಳವಿಗಳು ಹೊರಗೋಡೆಯ ಮೇಲೆ ಹಾದುಹೋಗಿದ್ದುವು. ಅವುಗಳಲ್ಲಿ ನೀರು ಹೆಪ್ಪುಗಟ್ಟಿತು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಕೊಳವಿ ಒಡೆಯುತ್ತದೆ. ಒಡೆದುದು ಕೂಡಲೆ ತಿಳಿಯದು, ಮಂಜು ಕರಗಿದ ದಿನ ಮನೆಯ ಮಾಳಿಗೆಯಿಂದ ಧಾರೆ ಇಳಿದಾಗಲೇ ತಿಳಿಯುವುದು. ಅಲ್ಲಿಯವರೆಗೆ ಬೀದಿಯ ಕೊನೆಯ ನಲ್ಲಿಯಿಂದಲೋ ನೀರು ಬರುತ್ತಿದ್ದ ನೆರೆಮನೆಯಿಂದಲೋ ಬಕೀಟಿನಲ್ಲಿ ತರಬೇಕು. ಕೊಳವಿ ಹಾದಿದ್ದ ಕಡೆಯಲ್ಲೆಲ್ಲ ಹಳೆಯ ಬಟ್ಟೆ ಸುತ್ತಿ, ಮೋಂಬತ್ತಿಯನ್ನು ಹಿಡಿದು ಕಾಯಿಸುತ್ತ ನಿಲ್ಲುವುದು ಮನೆಯ ಗಂಡಸರ ಬೆಳಗಿನ ಕರ್ತವ್ಯವಾಯಿತು.

ಇವೆಲ್ಲ ಕಷ್ಟಗಳೇ, ಆದರೆ ಸಾಕಷ್ಟು ಕಲ್ಲಿದ್ದಲಿದ್ದರೆ ತಡೆದುಕೊಳ್ಳಬಹುದಾದ ಕಷ್ಟಗಳು. ಕಲ್ಲಿದ್ದಲು ಬಾರದೆ ಹೋದುದೇ ಆ ವರ್ಷದ ವಿಪತ್ತು. ಗಣಿಯ ಬಾಯಲ್ಲಿ ಅಗೆದ ಕಲ್ಲಿದ್ದಲು ರಾಶಿಬಿದ್ದಿತ್ತು. ಅದನ್ನು ಹೊತ್ತ ಬಂಡಿಗಳು ಹಿಮದಲ್ಲಿ ಹೂತು ಹಳಿಯ ಮೇಲೆ ನಿಂತುವು. ಬಂಡಿಗಳೊಳಗೆ ಕಲ್ಲಿದ್ದಲು ಒಂದೇ ಬಂಡೆಯಂತೆ ಹೆಪ್ಪುಗಟ್ಟಿ, ಗುದ್ದಲಿ ಹಾರೆಗಳಿಂದ ಒಡೆದು ತೆಗೆಯಬೇಕಾಯಿತು. ಈಶಾನ್ಯದ ಟೈನ್ ನದಿಯ ಬಂದರುಗಳಿಂದ ಲಂಡನ್ನಿಗೆ ಕಲ್ಲಿದ್ದಲನ್ನು ಸಾಗಿಸುತ್ತಿದ್ದ ಹಡಗುಗಳು ಬಿರುಗಾಳಿಗೆ ಸಿಕ್ಕಿ ಹೊರಡಲಾರದೆ ಉಳಿದುವು. ಇತ್ತ ಮನೆಗಳಲ್ಲಿ ಕಲ್ಲಿದ್ದಲು ದೊರೆಯದವರು ವಿದ್ಯುತ್ತಿನ ಒಲೆಗಳನ್ನು ಕೊಂಡು ಹಚ್ಚಿದರು. ಆ ವಿದ್ಯುತ್ತು ಹುಟ್ಟುತ್ತಿದ್ದುದೂ ಬಹುತೇಕ ಕಲ್ಲಿದ್ದಲಿನಿಂದಲೇ. ಹೀಗೆ ಒಂದು ಬಾಗಿಲಲ್ಲಿ ಇಲ್ಲವಾದುದನ್ನು ಜನರು ಇನ್ನೊಂದು ಬಾಗಿಲಿನಿಂದ ಕೇಳಿದರು; ಉಗ್ರಾಣ ಒಂದೇ ಆಗಿತ್ತು, ಅದು ಬರಿದಾಗುತ್ತಲಿತ್ತು.

ಫೆಬ್ರವರಿ ೭ರಂದು, ಶುಕ್ರವಾರ, ಇಂಧನ ಮಂತ್ರಿಗಳಾದ ಎಮ್ಯಾನುಯೆಲ್ ಷಿನ್‌ವೆಲ್ ಅವರು ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಸಂಗತಿಯನ್ನು ಹೊರಗೆಡಹಿದರು. ಹಿಂದಿನ ತಿಂಗಳುಗಳಲ್ಲಿ ಅವರು ಭಯಕ್ಕೆ ಕಾರಣವಿಲ್ಲವೆಂದು ಜನರಿಗೆ ಧೈರ್ಯ ಹೇಳುತ್ತ ಬಂದಿದ್ದವರು. ಆದಕಾರಣ ಈ ಮಾತು ಸಿಡಿಲಿನಂತೆ ಎರಗಿತು. ಸೋಮವಾರ ೧೦ನೆಯ ತಾರೀಖಿನಿಂದ ಲಂಡನ್, ಆಗ್ನೇಯ ಭಾಗ, ಮಧ್ಯಪ್ರಾಂತಗಳು ಮತ್ತು ವಾಯವ್ಯ ಭಾಗ, ಇಲ್ಲಿನ ಕಾರ್ಖಾನೆಗಳಿಗೆ ವಿದ್ಯುತ್ತಿಲ್ಲ. ಮನೆಗಳಲ್ಲಿ ಬೆಳಗ್ಗೆ ೯ರಿಂದ ೧೨ರವರೆಗೆ, ಮಧ್ಯಾಹ್ನ ೨ರಿಂದ ೪ರವರೆಗೆ ಯಾರೂ ವಿದ್ಯುತ್ತನ್ನು ಬಳಸಕೂಡದು, ಬಳಸಿದರೆ ಶಿಕ್ಷೆ. ಕೆಲವು ದಿನಗಳಲ್ಲಿ ಮನೆಗಳ ಮೇಲಿನ ಈ ಕಟ್ಟು ಇತರ ಭಾಗಗಳಿಗೂ ಹಬ್ಬಿತು. ಕೆಲಸ ತಪ್ಪಿದವರ ಸಂಖ್ಯೆ ೨೦ ಲಕ್ಷವನ್ನು ಮೀರಿತು. ವಾರಪತ್ರಿಕೆಗಳು ಎರಡು ವಾರಗಳ ಕಾಲ ಅಚ್ಚಾಗಲಿಲ್ಲ. ಬಿ.ಬಿ.ಸಿ.ಯವರು ಆಗತಾನೆ ಮರಳಿ ಆರಂಭಿಸಿದ್ದ ದೂರದರ್ಶನವನ್ನು ಸುಮಾರು ಒಂದು ತಿಂಗಳ ಕಾಲ ನಿಲ್ಲಿಸಿದರು. ಕಚೇರಿಗಳಲ್ಲಿ ಗುಮಾಸ್ತರು ಕೋಟು ಕೈಗವಸುಗಳನ್ನು ತೊಟ್ಟು, ಮೋಂಬತ್ತಿಯ ಬೆಳಕಿನಲ್ಲಿ ಲೆಕ್ಕ ಬರೆದರು.

ಈ ಐದು ಗಂಟೆಗಳ ನಿಷೇಧ ಯಾರ ಮೇಲೆ ಬಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಬೆಳಗಿನ ಒಂಬತ್ತರಿಂದ ಸಂಜೆಯ ನಾಲ್ಕರೊಳಗೆ ಮನೆಯಲ್ಲಿರುವವರು ಗೃಹಿಣಿಯರು, ಕೈಗೂಸುಗಳು, ಮುದುಕರು, ರೋಗಿಗಳು. ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಅಡಿಗೆ ಬೇಯಿಸುವುದು, ಮಗುವಿಗೆ ನೀರು ಕಾಯಿಸುವುದು, ಎಲ್ಲವೂ ಆ ಹೊತ್ತಿನ ಕೆಲಸ. ಕಾನೂನು ಒಂದು ವಾಕ್ಯದಲ್ಲಿ ಆಡಿದ್ದನ್ನು ಗೃಹಿಣಿ ತನ್ನ ದಿನಚರಿಯನ್ನೇ ಒಡೆದು ಕಟ್ಟಿ ನಡೆಸಬೇಕಾಯಿತು. ಒಂಬತ್ತಕ್ಕೆ ಮುಂಚೆ ಎದ್ದು ಅಡಿಗೆಯನ್ನು ಅರ್ಧ ಬೇಯಿಸಿ, ಪಾತ್ರೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಅದರ ಕಾವಿನಲ್ಲಿಯೇ ಉಳಿದುದು ಬೇಯುವಂತೆ ಮಾಡುವ ಯುದ್ಧಕಾಲದ ಉಪಾಯ ಮತ್ತೆ ಬಳಕೆಗೆ ಬಂದಿತು. ಒಗೆದು ಹರವಿದ ಬಟ್ಟೆ ಹಲಗೆಯಂತೆ ಸೆಟೆದು ನಿಂತಿತು. ಅಷ್ಟಲ್ಲದೆ ಅಂಗಡಿಯ ಮುಂದೆ ಸರದಿ ನಿಲ್ಲುವುದು ಬೇರೆ. ಗ್ಯಾಸು ಕಾರ್ಖಾನೆಯಲ್ಲಿ ಅನಿಲ ತೆಗೆದ ಮೇಲೆ ಉಳಿಯುವ ಕೋಕಿದ್ದಲನ್ನು ಮಾರುತ್ತಾರೆಂದು ತಿಳಿದರೆ, ಹೆಂಗಸರೂ ಮಕ್ಕಳೂ ಮಗುವಿನ ತಳ್ಳುಗಾಡಿಯನ್ನೇ ತಂದು ಹಿಮದಲ್ಲಿ ಗಂಟೆಗಟ್ಟಲೆ ನಿಂತು ಒಂದು ಚೀಲ ತುಂಬಿಸಿಕೊಂಡು ಹೋಗುತ್ತಿದ್ದರು. ಮಗು ಕೂರುವ ಗಾಡಿಯಲ್ಲಿ ಇದ್ದಲು ಕೂತು ಮನೆಗೆ ಬಂದ ನೋಟ ಅಂದಿನ ಅನೇಕರ ನೆನಪಿನಲ್ಲಿ ಉಳಿದಿದೆ.

ಹಳ್ಳಿಗಳ ಪಾಡು ಇದಕ್ಕಿಂತ ಕಠಿನವಾಗಿತ್ತು. ದಾರಿಗಳು ಮುಚ್ಚಿ, ಊರುಗಳು ದ್ವೀಪಗಳಾದುವು. ಹೊಲದಲ್ಲಿದ್ದ ಗೆಡ್ಡೆ ತರಕಾರಿಗಳನ್ನು ಕೀಳಲು ಹಾರೆ ಸಾಲದೆ ರಸ್ತೆ ಒಡೆಯುವ ಯಂತ್ರಗಳನ್ನು ತಂದರು. ಗುಡ್ಡಗಾಡಿನ ಕುರುಬರು ಹಿಮದ ದಿಬ್ಬಗಳೊಳಗೆ ಉದ್ದನೆಯ ಕೋಲುಗಳನ್ನು ಚುಚ್ಚಿ, ಕೆಳಗೆ ಹೂತುಹೋದ ಕುರಿಗಳನ್ನು ಹುಡುಕಿದರು. ದೇಶದ ಕುರಿಗಳಲ್ಲಿ ಸುಮಾರು ಕಾಲು ಭಾಗ ಆ ಚಳಿಗಾಲದಲ್ಲಿ ಸತ್ತಿತು. ತಲೆಮಾರುಗಳಿಂದ ಒಂದೇ ಗುಡ್ಡದಲ್ಲಿ ಬೆಳೆದ ಹಿಂಡನ್ನು ಹಣ ಕೊಟ್ಟು ಮತ್ತೆ ಕೊಳ್ಳಲು ಬರುವುದಿಲ್ಲವೆಂಬುದನ್ನು ದನಕರು ಸಾಕಿ ಬಲ್ಲ ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ. ಸ್ಟಾಫರ್ಡ್ ಪ್ರಾಂತದ ಎತ್ತರದ ಬಯಲಿನಲ್ಲಿ ಹೀಗೆ ಸಿಕ್ಕಿಕೊಂಡ ಹಳ್ಳಿಗಳಿಗೆ ಆಹಾರವನ್ನು ಎಸೆಯಲೆಂದು ಫೆಬ್ರವರಿ ೧೩ರಂದು ವಾಯುಪಡೆಯ ಹ್ಯಾಲಿಫ್ಯಾಕ್ಸ್ ವಿಮಾನವೊಂದು ಹೊರಟಿತು. ಗ್ರಿಂಡನ್ ಎಂಬ ಊರಿನ ಬಳಿ ಹಿಮಗಾಳಿಯಲ್ಲಿ ಅದು ನೆಲಕ್ಕೆ ಬಿದ್ದು, ಅದರಲ್ಲಿದ್ದ ಎಂಟು ಮಂದಿಯೂ ತೀರಿಕೊಂಡರು. ಅವರಲ್ಲಿ ಇಬ್ಬರು ಪತ್ರಿಕೆಗಳ ಛಾಯಾಚಿತ್ರಗಾರರು. ಹಸಿದವರಿಗೆ ರೊಟ್ಟಿ ಒಯ್ಯುತ್ತಿದ್ದವರನ್ನು ಆ ಬಯಲಿನ ಜನರು ಇಂದಿಗೂ ಮರೆತಿಲ್ಲ.

ಹಿಮವನ್ನು ಸರಿಸಿ ದಾರಿ ಬಿಡಿಸಿದ ಕೈಗಳಲ್ಲಿ ಹಲವು ಪರದೇಶದವು ಎಂಬುದು ಆ ಕಾಲದ ಇನ್ನೊಂದು ವಿಶೇಷ. ಸ್ವದೇಶಕ್ಕೆ ಮರಳದೆ ಉಳಿದ ಪೋಲಿಷ್ ಸಿಪಾಯಿಗಳೂ, ಇನ್ನೂ ಬಿಡುಗಡೆಯಾಗದ ಜರ್ಮನ್ ಯುದ್ಧಕೈದಿಗಳೂ ಬ್ರಿಟಿಷ್ ಸೈನಿಕರೊಡನೆ ಸಲಿಕೆ ಹಿಡಿದು ಹಳಿಗಳನ್ನೂ ರಸ್ತೆಗಳನ್ನೂ ತೆರವು ಮಾಡಿದರು. ಎರಡು ವರ್ಷಗಳ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದವರು! ಕೈದಿಗಳನ್ನು ಮನೆಗೆ ಕರೆಯಬಾರದೆಂಬ ನಿಷೇಧವನ್ನು ೧೯೪೬ರ ಡಿಸೆಂಬರಿನಲ್ಲಿ ಸಡಿಲಿಸಿದ್ದುದರಿಂದ, ದಾರಿ ಬಿಡಿಸಿಕೊಟ್ಟವನಿಗೆ ಒಂದು ಬಟ್ಟಲು ಚಹಾ ಕೊಡಲು ಈಗ ಯಾವ ಅಡ್ಡಿಯೂ ಇರಲಿಲ್ಲ.

ಇದೇ ತಿಂಗಳಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ದೊಡ್ಡ ಸಂಗತಿಯೂ ನಡೆಯಿತು. ಫೆಬ್ರವರಿ ೨೦ರಂದು, ಹಿಮ ಮುಸುಕಿದ್ದ, ದೀಪಕ್ಕೆ ಬರವಾಗಿದ್ದ ಲಂಡನ್ನಿನಲ್ಲಿ ಪ್ರಧಾನಮಂತ್ರಿ ಕ್ಲೆಮೆಂಟ್ ಆಟ್ಲಿಯವರು, ೧೯೪೮ರ ಜೂನ್ ತಿಂಗಳೊಳಗೆ ಭಾರತದ ಅಧಿಕಾರವನ್ನು ಭಾರತೀಯರಿಗೆ ಒಪ್ಪಿಸುವುದಾಗಿ ಪಾರ್ಲಿಮೆಂಟಿನಲ್ಲಿ ಪ್ರಕಟಿಸಿದರು. ನಮ್ಮ ಸ್ವಾತಂತ್ರ್ಯ ಚಳಿಯಿಂದ ಬಂದುದಲ್ಲ. ಅದರ ಹಿಂದೆ ಹಲವು ತಲೆಮಾರುಗಳ ತ್ಯಾಗವಿದೆ. ಆದರೂ ಭೂಮಂಡಲದ ಕಾಲುಭಾಗವನ್ನು ಆಳಿದ ಸಾಮ್ರಾಜ್ಯದ ರಾಜಧಾನಿಯಲ್ಲಿ ಗೃಹಿಣಿಯೊಬ್ಬಳು ಒಂದು ಚೀಲ ಇದ್ದಲಿಗಾಗಿ ಹಿಮದಲ್ಲಿ ನಿಂತಿದ್ದ ವಾರದಲ್ಲಿಯೇ ಆ ಮಾತು ಹೊರಟಿತೆಂಬುದು ಯೋಚಿಸತಕ್ಕದ್ದು. ಅದೇ ಹೊತ್ತಿಗೆ ದೊರೆ ಆರನೆಯ ಜಾರ್ಜರು ಸಂಸಾರಸಮೇತರಾಗಿ ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿ ಪ್ರವಾಸದಲ್ಲಿದ್ದರು. ತಮ್ಮ ಜನ ನಡುಗುತ್ತಿರುವಾಗ ತಾವು ಅಲ್ಲಿರುವುದು ಸರಿಯಲ್ಲವೆಂದು ಅವರು ಹಿಂದಿರುಗಲು ಬಯಸಿದರೆಂದೂ, ಮರಳಿ ಬಂದರೆ ಜನರ ಕಳವಳ ಹೆಚ್ಚುವುದೆಂದು ಆಟ್ಲಿಯವರು ಬೇಡವೆಂದರೆಂದೂ ಚರಿತ್ರೆಕಾರರು ಹೇಳುತ್ತಾರೆ.

ಮಾರ್ಚಿ ತಿಂಗಳ ಆರಂಭದಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ತು ಮರಳಿತು. ಚಳಿ ಮಾತ್ರ ಮುಗಿದಿರಲಿಲ್ಲ. ೪ ಮತ್ತು ೫ನೆಯ ತಾರೀಖುಗಳಂದು ಇಂಗ್ಲೆಂಡು ವೇಲ್ಸುಗಳ ಮೇಲೆ ಭಯಂಕರ ಹಿಮಗಾಳಿ ಬೀಸಿ, ಕೆಲವೆಡೆ ಹದಿನೈದು ಅಡಿಗೂ ಮೀರಿದ ದಿಬ್ಬಗಳು ಎದ್ದುವು. ೧೦ನೆಯ ತಾರೀಖಿನಿಂದ ಗಾಳಿ ತಿರುಗಿ, ಬೆಚ್ಚನೆಯ ಮಳೆ ಬಂದಿತು. ಜನರು ನಿಟ್ಟುಸಿರು ಬಿಡುವುದರೊಳಗಾಗಿ ಇನ್ನೊಂದು ಕಷ್ಟ ಬಾಗಿಲಿಗೆ ಬಂದಿತು. ಏಳು ವಾರಗಳಿಂದ ಸಂಗ್ರಹವಾದ ಹಿಮ ಒಟ್ಟಿಗೆ ಕರಗಿತು. ನೆಲ ಆಳದವರೆಗೆ ಹೆಪ್ಪುಗಟ್ಟಿದ್ದುದರಿಂದ ಒಂದು ತೊಟ್ಟು ನೀರೂ ಇಂಗಲಿಲ್ಲ. ಥೇಮ್ಸ್, ಸೆವರ್ನ್, ಟ್ರೆಂಟ್, ಊಸ್ ನದಿಗಳು ದಡ ಮೀರಿದುವು. ಪೂರ್ವಭಾಗದ ಫೆನ್ಸ್ ಎಂಬ ತಗ್ಗು ಬಯಲಿನಲ್ಲಿ ಏರಿಗಳು ಒಡೆದು ಫಲವತ್ತಾದ ಹೊಲಗಳು ಸಮುದ್ರದಂತಾದುವು. ಸುಮಾರು ಒಂದು ಲಕ್ಷ ಮನೆಗಳಿಗೆ ನೀರಿನ ಬಾಧೆ ತಟ್ಟಿತು. ಹಿಂದಿನ ತಿಂಗಳು ನೀರಿಲ್ಲದೆ ಬಕೀಟು ಹಿಡಿದಿದ್ದವರು ಈಗ ಅದೇ ಬಕೀಟಿನಲ್ಲಿ ಮನೆಯೊಳಗಿನ ನೀರನ್ನು ಹೊರಗೆ ಎರಚಿದರು. ಕೊಳೆತ ಗೆಡ್ಡೆ, ನೆನೆದ ಹೊಲಗಳ ಫಲವಾಗಿ, ಯುದ್ಧದಲ್ಲಿಯೂ ಅಳತೆಗೆ ಒಳಗಾಗದಿದ್ದ ಆಲೂಗಡ್ಡೆ ಕೂಡ ಆ ವರ್ಷದ ಕೊನೆಯಲ್ಲಿ ಅಳತೆಯ ವಸ್ತುವಾಯಿತು. ಷಿನ್‌ವೆಲ್ ಅವರು ಅಕ್ಟೋಬರಿನಲ್ಲಿ ಆ ಖಾತೆಯನ್ನು ಬಿಟ್ಟರು. ನಡುವೆ ಬಂದ ಬೇಸಗೆ ಮಾತ್ರ ಎಂದಿಲ್ಲದ ಬಿಸಿಲನ್ನು ತಂದಿತು. ಕ್ರಿಕೆಟ್ ಆಟಗಾರ ಡೆನಿಸ್ ಕಾಂಪ್ಟನ್ ಆ ಒಂದೇ ಋತುವಿನಲ್ಲಿ ೧೮ ಶತಕಗಳನ್ನು ಹೊಡೆದು ಬಳಲಿದ ಜನರಿಗೆ ನಗುವ ಕಾರಣವನ್ನು ಕೊಟ್ಟರು.

ಹವೆಯ ಲೆಕ್ಕವನ್ನು ಮಾತ್ರ ಹಿಡಿದರೆ ೧೯೪೭ಕ್ಕಿಂತ ೧೯೬೨–೬೩ರ ಚಳಿಗಾಲ ಹೆಚ್ಚು ಶೀತವಾದುದು. ೧೯೬೩ರ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಎರಡು ಡಿಗ್ರಿಗೂ ಕೆಳಗಿತ್ತು. ಕೆಂಟ್ ಪ್ರಾಂತದ ಹರ್ನ್ ಬೇಯಲ್ಲಿ ಸಮುದ್ರವೇ ದಡದುದ್ದಕ್ಕೂ ಹೆಪ್ಪುಗಟ್ಟಿತು. ಆದರೆ ಆ ಹೊತ್ತಿಗೆ ಚೀಟಿಯ ಕಾಲ ಕಳೆದಿತ್ತು, ಅಂಗಡಿಯಲ್ಲಿ ಪದಾರ್ಥಗಳಿದ್ದುವು, ಮೈಯಲ್ಲಿ ಶಕ್ತಿಯಿತ್ತು. ಎರಡನ್ನೂ ಕಂಡ ಹಿರಿಯರಲ್ಲಿ ಹಲವರು ಮೊದಲನೆಯದನ್ನೇ ಕಠಿನವೆಂದು ಹೇಳುವುದಕ್ಕೆ ಇದು ಕಾರಣವಿರಬೇಕು. ಚಳಿಯನ್ನು ಅಳೆಯುವುದು ಪಾದರಸವೊಂದೇ ಅಲ್ಲ; ಉಗ್ರಾಣದಲ್ಲಿ ಏನಿದೆ, ಉಂಡವನ ಹೊಟ್ಟೆ ಎಷ್ಟು ತುಂಬಿದೆ, ನಾಳೆ ಏನಾದೀತೆಂಬ ಭಯ ಎಷ್ಟಿದೆ, ಇವೂ ಅದರ ಅಳತೆಗಳು.

ಇಂದು ಬ್ರಿಟನ್ನಿನ ಮನೆಗಳಲ್ಲಿ ಆ ಕಲ್ಲಿದ್ದಲ ಒಲೆಗಳು ಅಪರೂಪವಾಗಿವೆ. ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಮಾಡುತ್ತಿದ್ದ ಅಲ್ಲಿನ ಕಡೆಯ ಕೇಂದ್ರವೂ ೨೦೨೪ರ ಸೆಪ್ಟೆಂಬರ್ ೩೦ರಂದು ಮುಚ್ಚಿತು. ಬೆಂಕಿ ಈಗ ಕೊಳವೆಯಲ್ಲಿ ಅನಿಲವಾಗಿಯೂ, ತಂತಿಯಲ್ಲಿ ವಿದ್ಯುತ್ತಾಗಿಯೂ, ಕಣ್ಣಿಗೆ ಕಾಣದೆ ಮನೆಗೆ ಬರುತ್ತದೆ. ನಮ್ಮ ಮನೆಗಳಲ್ಲಿಯೂ ಕಟ್ಟಿಗೆಯ ಒಲೆ ಹೋಗಿ ಅನಿಲದ ಸಿಲಿಂಡರು ಬಂದು ಬಹಳ ಕಾಲವಾಯಿತು. ಕಾಣದೆ ಬರುವ ಬೆಂಕಿ ಕಾಣದೆಯೇ ನಿಲ್ಲಲೂಬಹುದು. ಮನೆಯಲ್ಲಿ ಹತ್ತು ದಿನಕ್ಕಾಗುವಷ್ಟು ಸಂಗ್ರಹ, ಒಂದಿಲ್ಲದಿದ್ದರೆ ಒದಗುವ ಇನ್ನೊಂದು ಒಲೆ, ನೀರು ಕೇಳಲು ಹೋಗಬಹುದಾದ ನೆರೆಮನೆಯೊಂದಿಗೆ ಕೆಡದ ಸ್ನೇಹ, ಈ ಮೂರನ್ನು ಕಾಪಾಡಿಕೊಂಡಿದ್ದ ಸಂಸಾರಗಳು ಆ ಐವತ್ತೈದು ದಿನಗಳನ್ನು ಕಡಿಮೆ ಕಷ್ಟದಿಂದ ದಾಟಿದುವು. ಅದರಲ್ಲಿಯೂ ಮೂರನೆಯದನ್ನು ಕೊಳ್ಳಲು ಯಾವ ಅಂಗಡಿಯ ಮುಂದೆಯೂ ಸರದಿ ನಿಲ್ಲಬೇಕಾಗಿರಲಿಲ್ಲ. ಅದನ್ನು ಚಳಿ ಬರುವುದಕ್ಕೆ ಬಹಳ ಮುಂಚೆಯೇ ಕೂಡಿಟ್ಟಿರಬೇಕಾಗಿತ್ತು, ಅಷ್ಟೆ.